ಗೇರ್‌ಬಾಕ್ಸ್ ಎಣ್ಣೆ: 90 ನಂಬರ್ ಅಂದರೆ ಸಾಲದು

ಗೇರ್ ಎಣ್ಣೆ ಕೊಡಿ ಎಂದರೆ ಅಂಗಡಿಯಲ್ಲಿ ಮೊದಲು ಕೇಳುವುದು "90 ನಂಬರಾ?" ಎಂದು. ಆ 90 ಎಣ್ಣೆ ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ, ಅದರಲ್ಲಿ ಏನು ಬೆರೆಸಿದ್ದಾರೆ ಎಂಬುದನ್ನಲ್ಲ. ಹಾಗಾಗಿ ಡಬ್ಬ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಎಪಿಐ ಜಿಎಲ್ ಅಂಕಿಯನ್ನು, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಗೇರ್ ಎಣ್ಣೆಗಳಿಗೆ ಕೊಟ್ಟ ವರ್ಗದ ಅಂಕಿಯನ್ನು. ಜಿಎಲ್-4 ಇದೆಯೇ, ಜಿಎಲ್-5 ಇದೆಯೇ? ನಾಲ್ಕಕ್ಕಿಂತ ಐದು ಮೇಲು ಎಂದು ಎಣಿಸುವುದೇ ಇಲ್ಲಿ ದೊಡ್ಡ ತಪ್ಪು. ಇವು ಮೆಟ್ಟಿಲುಗಳಲ್ಲ, ಬೇರೆ ಬೇರೆ ಕೆಲಸದ ಎಣ್ಣೆಗಳು.

ಎರಡರಿಂದ ಮೂರಕ್ಕೆ ಗೇರ್ ಹಾಕುವಾಗ ಒಳಗೆ ಹಿತ್ತಾಳೆಯ ಸಿಂಕ್ರೊ ರಿಂಗ್ ಒಂದು ಗೇರಿನ ಇಳಿಜಾರು ಮೈಗೆ ಒತ್ತಿಕೊಂಡು, ತಿಕ್ಕಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಅದು ಪುಟ್ಟದೊಂದು ಬ್ರೇಕ್. ಹಲ್ಲುಗಳ ನಡುವೆ ಎಣ್ಣೆ ಜಾರಬೇಕು, ರಿಂಗಿನ ಮೈಯಲ್ಲಿ ಅದೇ ಎಣ್ಣೆ ಬೇಗ ಸರಿದು ತಿಕ್ಕಾಟಕ್ಕೆ ಜಾಗ ಬಿಡಬೇಕು. ರಿಂಗಿನ ಒಳಮೈಯಲ್ಲಿರುವ ಸಣ್ಣ ಗೆರೆಗಳು ಇರುವುದು ಇದಕ್ಕೇ. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ನಿಭಾಯಿಸಲು ಮಾಡಿದ್ದು ಜಿಎಲ್-4.

ಜಿಎಲ್-5 ಹುಟ್ಟಿದ್ದು ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್‌ಗಾಗಿ, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಗಳ ಕಡೆಗೆ ತಿರುಗಿಸುವ ದೊಡ್ಡ-ಸಣ್ಣ ಗೇರಿನ ಜೋಡಿಗಾಗಿ. ಹೈಪಾಯ್ಡ್ ಜೋಡಣೆಯಲ್ಲಿ ಪಿನಿಯನ್ ಶಾಫ್ಟು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುತ್ತದೆ. ಹಲ್ಲಿಗೆ ಹಲ್ಲು ಉರುಳುವುದಕ್ಕಿಂತ ಉಜ್ಜುವುದೇ ಹೆಚ್ಚು. ಆ ಒತ್ತಡದಲ್ಲಿ ಎಣ್ಣೆಯ ಪದರ ಹರಿದುಹೋಗುವುದರಿಂದ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಸೇರಿಸುತ್ತಾರೆ. ಇದೇ ಎಣ್ಣೆ ಗೇರ್‌ಬಾಕ್ಸಿಗೆ ಬಿದ್ದರೆ ಎರಡು ತೊಂದರೆ. ಒಂದು, ರಿಂಗ್ ಜಾರುತ್ತದೆ, ವೇಗ ಸಮವಾಗುವ ಮುಂಚೆಯೇ ಗೇರ್ ಕೂತು ಕರ್ರ್ ಎನ್ನುತ್ತದೆ. ಎರಡು, ಬಿಸಿಯಲ್ಲಿ ಕ್ರಿಯಾಶೀಲ ಗಂಧಕ ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಇತ್ತೀಚಿನ ಜಿಎಲ್-5 ಎಣ್ಣೆಗಳಲ್ಲಿ ಎರಡನೆಯ ಕಾಟ ಕಡಿಮೆಯಾಗಿದೆ, ಮೊದಲನೆಯದು ಹಾಗೇ ಇದೆ. "ಜಿಎಲ್-4/ಜಿಎಲ್-5" ಎಂದು ಎರಡನ್ನೂ ಬರೆದ ಡಬ್ಬವನ್ನು ನಾನು ಜಿಎಲ್-5 ಎಂದೇ ಲೆಕ್ಕ ಹಾಕಿ ಬದಿಗಿಡುತ್ತೇನೆ.

ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸೂ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲೂ ಒಂದೇ ಗೂಡಿನಲ್ಲಿವೆ. ಎಂಜಿನ್ ಅಡ್ಡ ಕೂತಿರುವುದರಿಂದ ಅಲ್ಲಿ ಹೈಪಾಯ್ಡ್ ಬೇಕಿಲ್ಲ, ಓರೆ ಹಲ್ಲಿನ ಸಾಮಾನ್ಯ ಗೇರೇ ಸಾಕು. ಹಾಗಾಗಿ ಜಿಎಲ್-4 ಒಂದೇ ಎರಡಕ್ಕೂ ಆಗುತ್ತದೆ. ಎಡವುವುದು ಓಮ್ನಿ, ಈಕೋ, ಬೊಲೆರೊದಂಥ ಹಿಂದಿನ ಚಕ್ರದ ಗಾಡಿಗಳಲ್ಲಿ. ಗೇರ್‌ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ. ಒಂದೇ ದೊಡ್ಡ ಕ್ಯಾನ್ ತಂದು ಎರಡಕ್ಕೂ ಸುರಿದರೆ ಎರಡರಲ್ಲಿ ಒಂದಕ್ಕೆ ಹಾನಿ ಖಂಡಿತ: ಜಿಎಲ್-5 ಹಾಕಿದರೆ ಸಿಂಕ್ರೊಗೆ, ಜಿಎಲ್-4 ಹಾಕಿದರೆ ಕ್ರೌನ್-ಪಿನಿಯನ್‌ಗೆ. ಎರಡು ಡಬ್ಬ ಕೊಳ್ಳಿ, ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ.

ಕಾರಿನ ಜೊತೆ ಕೊಡುವ ಕೈಪಿಡಿ ಪುಸ್ತಕದ ಮಾತು ಈ ನಿಯಮಕ್ಕಿಂತ ದೊಡ್ಡದು. ಸುಬಾರು ಗೇರ್‌ಬಾಕ್ಸಿನ ಗೂಡಿನಲ್ಲೇ ಮುಂದಿನ ಹೈಪಾಯ್ಡ್ ಇರುವುದರಿಂದ ಅದಕ್ಕೆ ಜಿಎಲ್-5 ಬೇಕು. ಹೋಂಡಾ ತನ್ನದೇ ಎಂಟಿಎಫ್ (ಮ್ಯಾನುವಲ್ ಗೇರ್‌ಬಾಕ್ಸ್ ಎಣ್ಣೆ) ಕೇಳುತ್ತದೆ, ಅದು 90ಕ್ಕಿಂತ ಬಹಳ ತೆಳು. ಹಳೆಯ ಹೋಂಡಾಗಳಿಗೆ ಎಂಟಿಎಫ್ ಸಿಗದಿದ್ದಾಗ ತಾತ್ಕಾಲಿಕವಾಗಿ 10ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಲು ಕಂಪನಿಯೇ ಹೇಳುತ್ತದೆ. ಅಲ್ಲಿ 90 ಸುರಿಯುವುದು ತಪ್ಪು.

ಇನ್ನು ಮಂದದ ವಿಚಾರ. ಗೇರ್ ಎಣ್ಣೆಯ 90 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ). ಎಂಜಿನ್ ಆಯಿಲಿನ 40 ಎಂದರೆ 12.5ರಿಂದ 16.3. ಅಳತೆಪಟ್ಟಿಗಳೇ ಬೇರೆ, 90 ಎಂಬುದು 40ರ ಎರಡು ಪಟ್ಟು ಮಂದವಲ್ಲ. ಡಬ್ಲ್ಯು ಅಂಕಿ ಚಳಿಯದ್ದು: 75ಡಬ್ಲ್ಯು ಎಣ್ಣೆಯನ್ನು ಮೈನಸ್ 40ರಲ್ಲಿ, 80ಡಬ್ಲ್ಯು ಎಣ್ಣೆಯನ್ನು ಮೈನಸ್ 26ರಲ್ಲಿ ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, 1884ರಲ್ಲಿ. ಹಾಗಿದ್ದರೆ ನಮಗೇಕೆ 75ಡಬ್ಲ್ಯು? ಡಿಸೆಂಬರಿನ ಬೆಳಿಗ್ಗೆ 15 ಡಿಗ್ರಿಯಲ್ಲೂ 80ಡಬ್ಲ್ಯು-90 ಮಿನರಲ್ ಎಣ್ಣೆ ರಿಂಗಿನ ಗೆರೆಗಳಿಂದ ಸರಿಯಲು ತಡ ಮಾಡುತ್ತದೆ, ಒಂದರಿಂದ ಎರಡಕ್ಕೆ ಲಿವರ್ ಬಿಗಿಯಾಗಿ ತಡೆಯುತ್ತದೆ. 75ಡಬ್ಲ್ಯು-90 ಸಿಂಥೆಟಿಕ್‌ನಲ್ಲಿ ಈ ಬಿಗಿ ಬಹುಪಾಲು ಹೋಗುತ್ತದೆ.

ಪುಸ್ತಕ 75ಡಬ್ಲ್ಯು-80 ಅಥವಾ 75ಡಬ್ಲ್ಯು-85 ಎಂದಿದ್ದರೆ "ಘಾಟಿ ಹತ್ತುತ್ತೇವೆ, ಕಲಬುರಗಿ ಬಿಸಿಲು" ಎಂದು 90ಕ್ಕೆ ಏರಬೇಡಿ. ಬೇರಿಂಗ್‌ಗಳ ಸಂದು, ಎಣ್ಣೆ ಹರಿಯುವ ಸಣ್ಣ ದಾರಿಗಳು ತೆಳು ಎಣ್ಣೆಗೆ ಅಳೆದು ಮಾಡಿದವು. ತುಂಬಾ ಓಡಿದ ಗೇರ್‌ಬಾಕ್ಸ್ ಕೂಗುತ್ತಿದ್ದರೆ ಒಂದು ಹೆಜ್ಜೆ ಮಂದ ಎಣ್ಣೆ ಸದ್ದನ್ನು ತಗ್ಗಿಸುತ್ತದೆ, ಸವೆದ ಬೇರಿಂಗನ್ನು ಸರಿಪಡಿಸುವುದಿಲ್ಲ.

ಬದಲಿಸುವಾಗ ಕಾರನ್ನು ಹದಿನೈದು ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಿಕೊಳ್ಳುತ್ತೇನೆ. ನಾಲ್ಕೂ ಚಕ್ರಗಳು ಒಂದೇ ಮಟ್ಟದಲ್ಲಿರಬೇಕು, ಮುಂಭಾಗ ಮಾತ್ರ ಜಾಕ್ ಮೇಲಿದ್ದರೆ ಮಟ್ಟ ತಪ್ಪುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸದೆ ಕೆಳಗೆ ನುಗ್ಗಬೇಡಿ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಅದು ಹಿಡಿದುಕೊಂಡಿದ್ದು, ನೀವು ಕೆಳಗಿನದನ್ನು ಬಿಚ್ಚಿ ಎಣ್ಣೆ ಇಳಿಸಿಬಿಟ್ಟಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹದಿನೈದಿಪ್ಪತ್ತು ನಿಮಿಷ ಪೂರ್ತಿ ಇಳಿಯಲು ಬಿಡಿ.

ಡ್ರೈನ್ ಪ್ಲಗ್‌ನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಹಿಟ್ಟು ಸಹಜ. ಬೆರಳಿಗೆ ಚುಚ್ಚುವ ಚೂರು ಬಂದರೆ ಹಲ್ಲೋ ಬೇರಿಂಗೋ ಒಡೆದಿದೆ. ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿಯಂತೆ ಹೊಳೆದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ, ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿದ ಕಾರುಗಳಲ್ಲಿ ಬ್ರೀದರ್ (ಗೇರ್‌ಬಾಕ್ಸಿನ ಗಾಳಿಕಿಂಡಿ) ಮೂಲಕ ನೀರು ಒಳಸೇರಬಹುದು. ಆಗ ಒಮ್ಮೆ ಬದಲಿಸಿದರೆ ಸಾಲದು. ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಬೇಕು.

ಪ್ಲಗ್‌ಗೆ ಹೊಸ ವಾಷರ್ ಹಾಕಿ. ಗೂಡು ಅಲ್ಯುಮಿನಿಯಮ್‌ನದು, ಉದ್ದ ಪಾನಾ ಹಾಕಿ ಬಲ ಬಿಟ್ಟರೆ ತಿರುಪಿನ ಮರೆ (ಥ್ರೆಡ್) ಕಿತ್ತುಬರುತ್ತದೆ, ಪುಸ್ತಕ ಹೇಳಿದ ಟಾರ್ಕ್‌ಗೆ, ಅಂದರೆ ಬಿಗಿಯ ಅಳತೆಗೆ, ಬಿಗಿ ಮಾಡಿ. ಮೇಲಿನಿಂದ ಫನೆಲ್‌ಗೆ ಉದ್ದ ಪೈಪ್ ಸಿಕ್ಕಿಸಿ ನಿಧಾನವಾಗಿ ಸುರಿಯುವುದು ಸುಲಭ. ಸಣ್ಣ ಕಾರುಗಳಿಗೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ, ಅಂಕಿ ಮಾದರಿಯಿಂದ ಮಾದರಿಗೆ ಬೇರೆ. ಮಟ್ಟ ನೋಡುವ ರಂಧ್ರವಿರುವ ಗೇರ್‌ಬಾಕ್ಸಿನಲ್ಲಿ ಎಣ್ಣೆ ಆ ರಂಧ್ರದ ಕೆಳತುದಿಯಿಂದ ತೊಟ್ಟಿಕ್ಕಿದಾಗ ನಿಲ್ಲಿಸಿ. ಹೆಚ್ಚಾದರೆ ನೊರೆಯೆದ್ದು ಬ್ರೀದರ್‌ನಿಂದ, ಆಯಿಲ್ ಸೀಲ್‌ನಿಂದ ಹೊರಬರುತ್ತದೆ, ಕ್ಲಚ್ ಪ್ಲೇಟ್ ಒದ್ದೆಯಾಗಬಹುದು. ಕಡಿಮೆಯಾದರೆ ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಮೊದಲು ಒಣಗುವುದು ತುದಿಯ ಮುಚ್ಚಳದೊಳಗೆ ಕೂತ ಐದನೆಯ ಗೇರು. ಹೈವೇಯಲ್ಲಿ ಐದರಲ್ಲಿ ಮಾತ್ರ ಕೂಗು ಕೇಳಿದರೆ ತಕ್ಷಣ ಮಟ್ಟ ನೋಡಿ.

ಗೇರ್ ಬೀಳದಿದ್ದರೆ ಎಲ್ಲದಕ್ಕೂ ಎಣ್ಣೆಯನ್ನು ದೂರಬೇಡಿ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಆನ್ ಮಾಡಿದಾಗ ರಿವರ್ಸ್ ಮೂರು ಸೆಕೆಂಡ್ ಕ್ಲಚ್ ಒತ್ತಿ ಕಾದರೂ ಕರ್ರ್ ಎನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಂಜಿನ್ ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ಲಿವರ್‌ನ ಕೇಬಲ್ ನೋಡಿ. ಬಿಸಿಯಾದ ಮೇಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಸದ್ದು ಬಂದರೆ ಎರಡನೆಯ ಸಿಂಕ್ರೊ ಸವೆದಿದೆ, ಅದಕ್ಕೆ ಯಾವ ಡಬ್ಬದ ಎಣ್ಣೆಯಲ್ಲೂ ಮದ್ದಿಲ್ಲ.