ಚೆಲ್ಲಿದ ಡೀಸೆಲ್ಲೂ ಚೆಲ್ಲಿದ ಪೆಟ್ರೋಲೂ ಒಂದೇ ಅಲ್ಲ

ತುಮಕೂರಿನ ಹೊರಗೆ, ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜ್ ನೋಡಿಕೊಳ್ಳುತ್ತೇನೆ. ಲಾರಿ, ಕಾರು ಎರಡೂ ಬರುತ್ತವೆ. ಫಿಲ್ಟರ್ ಬಿಚ್ಚಿದರೂ ಟ್ಯಾಂಕ್ ಇಳಿಸಿದರೂ ಒಂದಿಷ್ಟು ನೆಲಕ್ಕೆ ಚೆಲ್ಲುವುದೇ. ಹೆಚ್ಚಿನ ಗ್ಯಾರೇಜ್‌ಗಳಲ್ಲಿ ಇದಕ್ಕೆ ಮರದ ಹೊಟ್ಟು ಹಾಕುತ್ತಾರೆ, ಇಲ್ಲವೇ ಬನಿಯನ್ ವೇಸ್ಟ್‌ನಲ್ಲಿ ಒರೆಸುತ್ತಾರೆ. ನಾನು ತೆಂಗಿನ ನಾರಿನ ಪುಡಿ ಬಳಸುತ್ತೇನೆ. ತಿಪಟೂರು, ಅರಸೀಕೆರೆ ಕಡೆ ನಾರಿನ ಫ್ಯಾಕ್ಟರಿಗಳ ಹಿಂದೆ ಗುಡ್ಡೆ ಗುಡ್ಡೆ ಬಿದ್ದಿರುತ್ತದಲ್ಲ, ಅದೇ. ನರ್ಸರಿಯವರು ಕೊಕೊಪೀಟ್ ಅನ್ನುತ್ತಾರೆ.

ಪುಡಿ ಚೆನ್ನಾಗಿ ಒಣಗಿರಬೇಕು. ಅದರ ರಂಧ್ರಗಳಲ್ಲಿ ಮೊದಲೇ ನೀರು ಕೂತಿದ್ದರೆ ಡೀಸೆಲ್ಲಿಗೆ ಜಾಗ ಎಲ್ಲಿ? ಟಾರ್ಪಾಲಿನ ಮೇಲೆ ಹರಡಿ, ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರಿ ಹೋಗುವ ತನಕ ಬಿಸಿಲಿಗೆ ಒಣಗಿಸುತ್ತೇವೆ. ಆಮೇಲೆ ಮುಚ್ಚಳದ ಡ್ರಮ್ಮಿಗೆ ತುಂಬಿ ಇಡುತ್ತೇವೆ.

ಡೀಸೆಲ್ ಚೆಲ್ಲಿದಾಗ ಮೊದಲು ಮೋರಿ ಕಡೆ ಓಡಬೇಕು. ಪುಡಿಯಿಂದಲೇ ಅಲ್ಲೊಂದು ಸಣ್ಣ ಬದು ಕಟ್ಟಿ, ಆಮೇಲೆ ಅಂಚಿನಿಂದ ಒಳಕ್ಕೆ ಹಾಕುತ್ತಾ ಬರಬೇಕು. ನಡುವಿಗೆ ಸುರಿದರೆ ಡೀಸೆಲ್ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಪುಡಿಯ ಬಣ್ಣ ಕಪ್ಪಾಗುವವರೆಗೆ ಬಿಟ್ಟು, ಕಡ್ಡಿ ಪೊರಕೆಯಲ್ಲಿ ತಿಕ್ಕಿ ಎತ್ತುತ್ತೇವೆ. ಜಾರುವುದು ಹೋಗಬೇಕಾದರೆ ಎರಡನೇ ಸಲ ತೆಳ್ಳಗೆ ಉದುರಿಸಿ ತಿಕ್ಕಲೇಬೇಕು. ಗೇರ್ ಆಯಿಲ್‌ಗೆ ಈ ಪುಡಿ ಅಷ್ಟಾಗಿ ಆಗಿಬರುವುದಿಲ್ಲ. ಗಟ್ಟಿ ಎಣ್ಣೆ ಒಳಗೆ ಇಳಿಯುವುದೇ ಇಲ್ಲ, ಮೇಲೆ ಮೆತ್ತಿಕೊಳ್ಳುತ್ತದೆ. ಅದನ್ನು ಮೊದಲು ರಬ್ಬರ್ ಪಟ್ಟಿಯಲ್ಲಿ ಬಳಿದು ತೆಗೆಯಬೇಕು. 2017ರ ಜನವರಿಯಲ್ಲಿ ಚೆನ್ನೈ ಹತ್ತಿರ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಸೋರಿದಾಗ, ಬಕೆಟ್‌ನಲ್ಲಿ ಎತ್ತುತ್ತಿದ್ದವರನ್ನು ನೋಡಿ ಜನ ನಕ್ಕಿದ್ದರು. ನನಗೇನೂ ನಗು ಬರಲಿಲ್ಲ. ಅಂಟು ಎಣ್ಣೆಗೆ ಎಷ್ಟೋ ಸಲ ಬಕೆಟ್ಟೇ ಗತಿ.

ಮಳೆಗಾಲದಲ್ಲಿ ಅಂಗಳದ ನೀರಿನ ಮೇಲೆ ತೇಲುವ ಎಣ್ಣೆಗೆ ಬಿಳಿ ಪಾಲಿಪ್ರೊಪಿಲಿನ್ (ಒಂದು ಬಗೆಯ ಪ್ಲಾಸ್ಟಿಕ್) ಪ್ಯಾಡ್ ತರಿಸಿಟ್ಟಿದ್ದೇನೆ. ಅದು ನೀರು ಹೀರುವುದಿಲ್ಲ, ಎಣ್ಣೆಯನ್ನು ಮಾತ್ರ ತನ್ನ ತೂಕದ ಹತ್ತು ಪಟ್ಟಿಗಿಂತ ಜಾಸ್ತಿ ಹೀರಬಲ್ಲದು. ಬೂದು ಬಣ್ಣದ್ದು ನೀರನ್ನೂ ಕುಡಿಯುತ್ತದೆ, ಕೊಳ್ಳುವಾಗ ನೋಡಿಕೊಳ್ಳಿ. ಇನ್ನೊಂದು ಮಾತು, ಸೋಪಿನ ಪುಡಿ ಹಾಕಿ ತೊಳೆಯಬೇಡಿ. ಸೋಪು ಬಿದ್ದ ಮೇಲೆ ಎಣ್ಣೆ ನೀರಿನಲ್ಲಿ ಬೆರೆತು ಮೋರಿಗೆ ಹೋಗುತ್ತದೆ. ಬಿಳಿ ಪ್ಯಾಡ್ ಕೂಡ ಆಗ ನೀರು ಹೀರಲು ಶುರು ಮಾಡುತ್ತದೆ.

ಪೆಟ್ರೋಲ್ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಬೆರೆತರೆ ಸಾಕು, ಒಂದು ಕಿಡಿಗೆ ಬೆಂಕಿ. ಪುಡಿ ಹಾಕಿ ನೆಲ ಒಣಗಿತು ಅಂದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ಒದ್ದೆ ಸೀರೆಯನ್ನು ಹರಡಿದರೆ ಬೇಗ ಒಣಗುವುದಿಲ್ಲವೇ, ಹಾಗೆ ಪುಡಿಗೆ ಅಂಟಿದ ಪೆಟ್ರೋಲ್ ಇನ್ನೂ ಜೋರಾಗಿ ಆವಿಯಾಗಬಹುದು. ಆ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ಹರಿದು ಬಂದು ಪಿಟ್ಟಿನಲ್ಲಿ, ಅಂದರೆ ಗಾಡಿಯ ಅಡಿ ನಿಂತು ಕೆಲಸ ಮಾಡಲು ತೋಡಿದ ಗುಂಡಿಯಲ್ಲಿ, ಕೂರುತ್ತದೆ.

ಹಾಗಾಗಿ ಪೆಟ್ರೋಲ್ ಟ್ಯಾಂಕಿನ ಕೆಲಸವನ್ನು ಪಿಟ್ ಮೇಲೆ ಮಾಡಿಸುವುದೇ ಇಲ್ಲ. ಬ್ಯಾಟರಿ ಬಿಚ್ಚಿ, ಹೊರಗೆ ಶೆಡ್ಡಿನ ನೆರಳಲ್ಲಿ ಮಾಡಿಸುತ್ತೇನೆ. ಚೆಲ್ಲಿದರೆ ಯಾವ ಸ್ವಿಚ್ಚೂ ಮುಟ್ಟುವ ಹಾಗಿಲ್ಲ. ಫ್ಯಾನ್ ಹಾಕುವ ಹಾಗೂ ಇಲ್ಲ, ಆರಿಸುವ ಹಾಗೂ ಇಲ್ಲ. ಪ್ಯಾಡ್ ಹಾಸಿ, ಹೀರಿದ ತಕ್ಷಣ ಎತ್ತಿ, ಹೊರಗಿನ ತಗಡಿನ ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚಬೇಕು. ಪುಡಿ ಹಾಕಿದ್ದರೆ ಪ್ಲಾಸ್ಟಿಕ್ ಮೊರ ಬಳಸುತ್ತೇವೆ. ಕಬ್ಬಿಣದ ಸನಿಕೆ ಸಿಮೆಂಟಿಗೆ ಉಜ್ಜಿದರೆ ಕಿಡಿ ಬರಬಹುದು, ಅಲ್ವಾ?

ಆವಿಯನ್ನೇ ಹಿಡಿಯಬೇಕೆಂದರೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತುಂಬಾ ಸಣ್ಣ ಸಣ್ಣ ರಂಧ್ರಗಳಿರುವ ಹಾಗೆ ತಯಾರಿಸಿದ ಇದ್ದಿಲು ಬೇಕು. ತೆಂಗಿನ ಕರಟದಿಂದಲೂ ಮಾಡುತ್ತಾರೆ. ಒಲೆಯ ಇದ್ದಿಲು ಸುಮ್ನೆ ದಂಡ, ಅದರಲ್ಲಿ ಅಷ್ಟು ರಂಧ್ರಗಳಿರುವುದಿಲ್ಲ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಈ ಕಾರ್ಬನ್ ತುಂಬಿದ ಕಪ್ಪು ಡಬ್ಬಿಯೇ ಇರುತ್ತದೆ. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟು, ಎಂಜಿನ್ ಓಡುವಾಗ ಅದಕ್ಕೇ ಉಣಿಸುತ್ತದೆ. ಬಂಕ್‌ನಲ್ಲಿ ನಾಝಲ್ ಕಟ್ ಆದ ಮೇಲೂ 'ಇನ್ನೂ ಸ್ವಲ್ಪ ಹಾಕಪ್ಪ' ಅನ್ನುವವರ ಕಾರಿನಲ್ಲಿ ಪೆಟ್ರೋಲೇ ಡಬ್ಬಿಗೆ ನುಗ್ಗಿ ಕಾರ್ಬನ್ ಕೆಡಬಹುದು. ಕಾರಿನ ಹಿಂದೆ ಪೆಟ್ರೋಲ್ ವಾಸನೆ ಅಂತ ಬಂದರೆ ನಾನು ಇದನ್ನೂ ನೋಡುತ್ತೇನೆ.

ಎಣ್ಣೆ ಕುಡಿದ ಪುಡಿ, ಪ್ಯಾಡು, ಬಟ್ಟೆ ಎಲ್ಲವೂ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡ್ರಮ್ಮಿನ ಮೇಲೆ ತಾರೀಖು ಬರೆದು, 90 ದಿನದೊಳಗೆ ಪರವಾನಗಿ ಇರುವವರಿಗೆ ಕೊಡಬೇಕು. ನಮ್ಮ ಹುಡುಗರಿಗೆ ಮಾತ್ರ ಅದರ ಮೇಲೆ ಕಣ್ಣು. "ಅಣ್ಣಾ, ಬಚ್ಚಲ ಒಲೆಗೆ ಚೆನ್ನಾಗಿ ಹತ್ತುತ್ತೆ, ಒಂದು ಚೀಲ ಕೊಡಿ" ಅಂತ ಕೇಳುತ್ತಾರೆ. ಹತ್ತುತ್ತೆ, ಇಲ್ಲ ಅನ್ನಲ್ಲ. ಅದಕ್ಕೇ ಡ್ರಮ್ಮಿಗೆ ಬೀಗ ಹಾಕಿದ್ದೇನೆ.