1.3 ಡೀಸೆಲ್ ಟರ್ಬೊಗೆ ಸಿಂಥೆಟಿಕ್ ಆಯಿಲ್: ನಾನು ಮಾಡುವ ಕ್ರಮ

ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಗಾಡಿ ನಿಲ್ಲಿಸಿ, ನಿಂತ ಕ್ಷಣವೇ ಕೀ ತಿರುಗಿಸಿ ಇಳಿಯುತ್ತೇವಲ್ಲ, ಟರ್ಬೊಗೆ, ಅಂದರೆ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರಕ್ಕೆ, ಕಷ್ಟ ಶುರುವಾಗುವುದು ಆಗ. ಏರು ಹತ್ತುವಾಗ ಟರ್ಬೈನಿಗೆ ನುಗ್ಗುವ ಹೊಗೆ 700 ಡಿಗ್ರಿ ದಾಟಬಹುದು. ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ, ಅದನ್ನು ಹೊತ್ತಿರುವುದು ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ. ಎಂಜಿನ್ ನಿಂತರೆ ಪಂಪೂ ನಿಂತಿತು. ಟರ್ಬೈನ್ ಹೌಸಿಂಗಿನ ಎರಕದಲ್ಲಿ ಉಳಿದ ಕಾವು ಬೇರಿಂಗ್ ಕಡೆಗೆ ಹರಿದು, ಅಲ್ಲಿ ಸಿಕ್ಕಿಬಿದ್ದ ಆಯಿಲನ್ನು ಬಾಣಲೆಯ ಜಿಡ್ಡಿನ ಹಾಗೆ ಸೀಯಿಸುತ್ತದೆ. ಹಲವು ಸಲ ಹೀಗಾದರೆ ಕಪ್ಪು ಹಕ್ಕಳೆ ಕಟ್ಟಿ ಆಯಿಲ್ ದಾರಿ ಕಿರಿದಾಗುತ್ತದೆ.

ನಾನು ಹೆಚ್ಚು ಬಿಚ್ಚುವುದು 1.3 ಲೀಟರಿನ ಮಲ್ಟಿಜೆಟ್ ಎಂಜಿನ್: ಸ್ವಿಫ್ಟ್, ರಿಟ್ಜ್, ವಿಸ್ತಾ ಕ್ವಾಡ್ರಾಜೆಟ್, ಪುಂಟೊ. ಇದರ ಸಣ್ಣ ಟರ್ಬೊದ ಬೇರಿಂಗಿಗೆ ನೀರಿನ ಆಸರೆ ಇಲ್ಲ, ತಂಪು ಮಾಡುವುದೂ ಆಯಿಲೇ. ಹಾಗಾಗಿ ಸಿಂಥೆಟಿಕ್‌ನ ಲಾಭ ಇಲ್ಲಿ ಕಣ್ಣಿಗೆ ಕಾಣುತ್ತದೆ. ಚಳಿಯಲ್ಲಿ ಬೇಗ ಹರಿಯುತ್ತದೆ ಎಂದು ಅದನ್ನು ಹೊಗಳುವುದುಂಟು. ನಮ್ಮ ಊರುಗಳ 15–20 ಡಿಗ್ರಿ ಬೆಳಗಿಗೆ ಆ ಲಾಭ ಅಷ್ಟಕ್ಕಷ್ಟೆ. ದುಡ್ಡು ಕೊಡಬೇಕಾದದ್ದು ಕಾವು ತಡೆಯುವ ಗುಣಕ್ಕೆ.

ಡಬ್ಬಿಯ ಮುಂದೆ ಬರೆದ ‘ಫುಲ್ಲಿ ಸಿಂಥೆಟಿಕ್’ ನೋಡಿ ಕೊಳ್ಳಬೇಡಿ. ಹೆಚ್ಚು ಸಂಸ್ಕರಿಸಿದ ಗ್ರೂಪ್ 3 ಖನಿಜ ತೈಲವೂ, ಪಿಎಒ ಎಂಬ, ರಾಸಾಯನಿಕವಾಗಿ ತಯಾರಿಸಿದ ಗ್ರೂಪ್ 4 ತೈಲವೂ ಅದೇ ಹೆಸರಲ್ಲಿ ಮಾರಾಟವಾಗುತ್ತವೆ. ನಾನು ತಿರುಗಿಸಿ ಹಿಂದೆ ಓದುತ್ತೇನೆ. 5ಡಬ್ಲ್ಯು-30 ಎಂಬ ದಪ್ಪದ ಗುರುತಿದ್ದರೆ ಸಾಲದು, ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ದರ್ಜೆ ಎ3/ಬಿ4 ಅಥವಾ ಸಿ3 ಇರಬೇಕು. ಈ ಎರಡರಲ್ಲೂ 150 ಡಿಗ್ರಿ ಕಾವಿನಲ್ಲಿ, ವೇಗದ ಉಜ್ಜಾಟದಲ್ಲಿ ಅಳೆಯುವ ದಪ್ಪ, ಅಂದರೆ ಎಚ್‌ಟಿಎಚ್‌ಎಸ್, ಕನಿಷ್ಠ 3.5. ಅದೇ 5ಡಬ್ಲ್ಯು-30 ಎ5/ಬಿ5 ಆಗಿದ್ದರೆ 2.9ಕ್ಕೇ ಪಾಸು. ಇನ್ನೊಂದು ನೋಆಕ್ ಪರೀಕ್ಷೆ: 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಎಷ್ಟು ಆಯಿಲ್ ಆವಿಯಾಗುತ್ತದೆ ಎಂಬ ಲೆಕ್ಕ. ಎ3/ಬಿ4ಗೆ ಮಿತಿ 13 ಶೇಕಡ. ಡೇಟಾಶೀಟಿನಲ್ಲಿ ಇದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಬಿಎಸ್6 ಡೀಸೆಲ್‌ಗಳಿಗೆ ಎ3/ಬಿ4 ಹಾಕಬಾರದು, ಬೂದಿ ಹೆಚ್ಚಾಗಿ ಫಿಲ್ಟರ್ ಕಟ್ಟುತ್ತದೆ. ಅವಕ್ಕೆ ಮ್ಯಾನ್ಯುಯಲ್ ಹೇಳಿದ ಸಿ ದರ್ಜೆಯೇ ಬೇಕು.

ಬದಲಾಯಿಸುವಾಗ ಎಂಜಿನ್ ಬಿಸಿ ಇರಲಿ. ಡ್ರೈನ್ ನಟ್ ತೆಗೆದು ಹದಿನೈದು ನಿಮಿಷ ಸೋರಲು ಬಿಡುತ್ತೇನೆ. ಫಿಲ್ಟರ್ ಕಾಗದದ ಎಲಿಮೆಂಟು. ಅದರ ಜೊತೆಗೆ ಮುಚ್ಚಳದ ಓ-ರಿಂಗೂ ಹೊಸದಾಗಬೇಕು. ಸುಮಾರು 3 ಲೀಟರ್ ಹಿಡಿಯುತ್ತದೆ. ಒಂದೇ ಸಲ ಸುರಿಯದೆ ಡಿಪ್‌ಸ್ಟಿಕ್ ನೋಡುತ್ತ ಪೂರ್ತಿ ಮಾಡಿ, ಗರಿಷ್ಠ ಗೆರೆ ದಾಟಬೇಡಿ. ಸ್ಟಾರ್ಟ್ ಮಾಡಿ ಆಯಿಲ್ ದೀಪ ಆರಿದ ಮೇಲೂ ಅರ್ಧ ನಿಮಿಷ ಎಕ್ಸಲೇಟರ್ ಮುಟ್ಟುವುದಿಲ್ಲ. ಖಾಲಿ ಫಿಲ್ಟರ್ ತುಂಬಿ, ಟರ್ಬೊವರೆಗೆ ಆಯಿಲ್ ತಲುಪುವ ಮೊದಲೇ ರೇಸ್ ಕೊಟ್ಟರೆ ಆ ಕೆಲವೇ ಸೆಕೆಂಡಿನಲ್ಲಿ ಬೇರಿಂಗ್ ಗೀರಿಹೋಗುತ್ತದೆ.

ಹಳೇ ಗಾಡಿಗೆ ಮೊದಲ ಸಲ ಸಿಂಥೆಟಿಕ್ ಹಾಕುವಾಗ ಒಂದು ಅಪಾಯವಿದೆ. ಒಳಗಿನ ಕೆಸರು ಸಡಿಲಗೊಂಡು ಎಂಜಿನ್ ತಳದ ಆಯಿಲ್ ಸಂಪಿನ ಜಾಲರಿಗೆ ಅಂಟಬಹುದು. ಅದಕ್ಕೆ ಮೊದಲೆರಡು ಬದಲಾವಣೆಯನ್ನು 2,500 ಕಿ.ಮೀ.ಗೊಮ್ಮೆ ಮಾಡಿ, ಪ್ರತಿ ಸಲ ಫಿಲ್ಟರ್ ಕಾಗದ ಬಿಡಿಸಿ ನೋಡುತ್ತೇನೆ. ಡೀಸೆಲ್ ಸುರಿದು ಫ್ಲಶ್ ಮಾಡುವ ಪದ್ಧತಿ ಬೇಡವೇ ಬೇಡ: ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನೂ ತೆಳುವಾಗಿಸುತ್ತದೆ. ಆಮೇಲೆ 7,500 ಕಿ.ಮೀ.ಗೊಮ್ಮೆ ನಿಯಮ. ಸಿಂಥೆಟಿಕ್ ಅಂತ 15,000 ಎಳೆಯುವವರಿದ್ದಾರೆ. ಡೀಸೆಲ್‌ನ ಮಸಿ ಯಾವ ಆಯಿಲನ್ನೂ ಬಿಟ್ಟಿಲ್ಲ, ಈ ಎಂಜಿನ್ನಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಅದೇ ಆಯಿಲಿನ ಒತ್ತಡದ ಮೇಲೆ ನಿಂತಿದೆ.

ಘಾಟಿ ಮುಗಿದ ಮೇಲೆ ಕೊನೆಯ ಎರಡು ಕಿ.ಮೀ. ಮೆಲ್ಲಗೆ ಓಡಿಸಿದರೆ ಸಾಕು, ಟರ್ಬೊ ತಾನೇ ತಣಿಯುತ್ತದೆ. ಏರಿನಿಂದ ನೇರ ನಿಲ್ಲಿಸಬೇಕಾಗಿ ಬಂದರೆ ಒಂದೆರಡು ನಿಮಿಷ ಐಡಲ್. ಪೇಟೆಯೊಳಗಿನ ಓಡಾಟಕ್ಕೆ ಇದರ ಅಗತ್ಯವಿಲ್ಲ.

ಟರ್ಬೊ ಬದಲಿಸುವಾಗ ಆಯಿಲ್ ಬರುವ ಸಣ್ಣ ಪೈಪನ್ನೂ ಬದಲಿಸಿ. ತಂತಿ ತೂರಿಸಿ ಶುಚಿ ಮಾಡಬೇಡಿ. ಅದು ಫಿಲ್ಟರ್ ಆದ ಮೇಲಿನ ಪೈಪು. ಉದುರಿದ ಇಂಗಾಲದ ಚೂರು ಸೀದಾ ಹೊಸ ಬೇರಿಂಗಿಗೆ ಹೋಗುತ್ತದೆ. ತಾಮ್ರದ ವಾಷರ್ ಹೊಸದು, ಆ ಜಾಗಕ್ಕೆ ಸಿಲಿಕೋನ್ ಪೇಸ್ಟ್ ನಿಷಿದ್ಧ. ಕೂರಿಸುವ ಮೊದಲು ತೂತಿಗೆ ಆಯಿಲ್ ಹನಿಸಿ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ.

ಹೋದ ಟರ್ಬೊವನ್ನು ಗುಜರಿಗೆ ಹಾಕುವ ಮುನ್ನ ಬಿಚ್ಚಿ ನೋಡಬೇಕು. ಶಾಫ್ಟ್ ನೀಲಿಗಟ್ಟಿದ್ದರೆ ಆಯಿಲ್ ತಲುಪಿಲ್ಲ. ಬೇರಿಂಗಿನಲ್ಲಿ ಗೀರುಗಳಿದ್ದರೆ ಆಯಿಲ್ ಕೊಳೆ. ಕಪ್ಪು ಗಟ್ಟಿ ಪದರವಿದ್ದರೆ ಬಿಸಿಯಲ್ಲೇ ಆಫ್ ಮಾಡಿದ್ದು, ಅಥವಾ ಆಯಿಲ್ ಹಳತಾದದ್ದು. ಗಾಳಿ ತಳ್ಳುವ ಕಂಪ್ರೆಸರ್ ಚಕ್ರದ ಬ್ಲೇಡಿನ ಅಂಚು ಮುರಿದಿದ್ದರೆ ಏರ್ ಫಿಲ್ಟರ್ ಕಡೆ ಹುಡುಕಿ. ಇದಾವುದೂ ಇಲ್ಲದೆ ಇಂಟರ್‌ಕೂಲರ್ ಪೈಪಿನಲ್ಲಿ ಬರೇ ಆಯಿಲ್ ತುಂಬಿದ್ದರೆ ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪು ಕಟ್ಟಿದೆಯೋ ನೋಡಿ. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ನಿಂತರೆ ಟರ್ಬೊದಿಂದ ಆಯಿಲ್ ಕೆಳಗಿಳಿಯಲಾರದೆ ಸೀಲ್ ದಾಟಿ ಹೊರಬರುತ್ತದೆ. ಆಗ ಬದಲಾಗಬೇಕಾದದ್ದು ಟರ್ಬೊ ಅಲ್ಲ, ಬ್ರೀದರ್.