ಬೆಳಕು ಕಂಡರೆ ಕಿಟಕಿಯತ್ತ ಓಡಬೇಡಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. "ಅಣುಬಾಂಬ್ ಬಿದ್ರೆ ಎಲ್ಲಾ ಮುಗೀತು, ಅಲ್ವಾ ಸಾರ್?" ಅಂತ ಮಕ್ಕಳು ಕೇಳಿದಾಗೆಲ್ಲ ಹಿರೋಷಿಮಾದ ಒಬ್ಬ ನೌಕರನ ವಿಷಯ ಹೇಳುತ್ತೇನೆ. 1945ರ ಆಗಸ್ಟ್ 6ರಂದು ಸ್ಫೋಟದ ಕೇಂದ್ರದಿಂದ ಬರೀ 170 ಮೀಟರ್ ದೂರದಲ್ಲಿದ್ದರೂ ಆತ ಬದುಕಿದ. ಕಾಗದಪತ್ರ ತರಲು ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದ, ಅಷ್ಟೇ.

ಕಣ್ಣು ಕೋರೈಸುವ ಬೆಳಕು ಕಂಡರೆ ನೋಡುತ್ತಾ ನಿಲ್ಲಬೇಡಿ. ಮುಖ ಕೆಳಗೆ ಮಾಡಿ ಮಲಗಿ. ಸ್ಫೋಟದ ಅಲೆ ಬೆಳಕಿಗಿಂತ ತಡವಾಗಿ ಬರುತ್ತದೆ, ಗಾಜು ಚೂರಾಗುವುದು ಆಗಲೇ. ಅಲೆ ಹಾದುಹೋದ ಕೂಡಲೇ, ವಿಕಿರಣದ ಧೂಳು ಉದುರುವ ಮುಂಚೆ, ಕಾಂಕ್ರೀಟ್ ಕಟ್ಟಡ ಸೇರಿ. ನೆಲಮಾಳಿಗೆ ಇಲ್ಲದಿದ್ದರೆ ಕಟ್ಟಡದ ನಟ್ಟನಡುವಿನ ಕೋಣೆ. ಶೀಟಿನ ಮನೆ, ಕಾರು ಸಾಲದು.

ಹೊರಗಿನಿಂದ ಬಂದಿದ್ದರೆ ಮೇಲಿನ ಬಟ್ಟೆ ಬಿಚ್ಚಿ ಚೀಲದಲ್ಲಿ ಕಟ್ಟಿ ದೂರ ಇಡಿ. ಧೂಳಿನ ಬಹುಪಾಲು ಅದರಲ್ಲೇ ಹೋಗುತ್ತದೆ. ಸೋಪು, ಶಾಂಪೂ ಹಾಕಿ ತೊಳೆಯಿರಿ, ಚರ್ಮ ಉಜ್ಜಬೇಡಿ. ಕಂಡೀಷನರ್ ಮಾತ್ರ ಬೇಡವೇ ಬೇಡ, ಧೂಳನ್ನು ಕೂದಲಿಗೆ ಅಂಟಿಸಿಬಿಡುತ್ತದೆ.

ಅಧಿಕಾರಿಗಳು ಬೇರೆ ಹೇಳದಿದ್ದರೆ 24 ಗಂಟೆ ಒಳಗೇ ಇರಿ. ಸ್ಫೋಟವಾಗಿ ಒಂದು ಗಂಟೆಗೆ ವಿಕಿರಣ 100 ಇತ್ತು ಅಂದುಕೊಂಡರೆ, 7 ಗಂಟೆ ಕಳೆಯುವಷ್ಟರಲ್ಲಿ ಸುಮಾರು 10ಕ್ಕೆ, 49 ಗಂಟೆ ಕಳೆಯುವಷ್ಟರಲ್ಲಿ 1ಕ್ಕೆ ಇಳಿಯುತ್ತದೆ. ಮಗು ಶಾಲೆಯಲ್ಲಿದ್ದರೆ? ಹೇಳಲು ಕಷ್ಟ, ಆದರೂ ಹೇಳುತ್ತೇನೆ: ಕರೆತರಲು ಹೊರಡಬೇಡಿ. ಅವರನ್ನು ನಾವು ಒಳಗೇ ಇಟ್ಟುಕೊಂಡಿರುತ್ತೇವೆ.